ಲೆವರೇಜ್ ಕೊನೆಯಲ್ಲಿ ಬರಲಿ: ಕ್ರಿಪ್ಟೊ ಫ್ಯೂಚರ್ಸ್‌ನಲ್ಲಿ ಪೊಸಿಷನ್ ಸೈಜ್ ಮತ್ತು ಮಾರ್ಜಿನ್ ಲೆಕ್ಕ ಹಾಕುವ ಕ್ರಮ

"ಸ್ಟಾಪ್‌ಲಾಸ್ ಹಾಕಿದ್ದೆ, ಆದರೂ ಲಿಕ್ವಿಡೇಟ್ ಆಯಿತು." "ಬರೀ 5 ಎಕ್ಸ್ ಇಟ್ಟಿದ್ದೆ, ಒಂದೇ ಟ್ರೇಡ್‌ನಲ್ಲಿ ಅಕೌಂಟಿನ ಕಾಲು ಭಾಗ ಹೋಯಿತು." ಮತ್ತೆ ಮತ್ತೆ ಕೇಳಿಬರುವ ದೂರುಗಳಿವು. ನೋಡಲು ಬೇರೆ ಬೇರೆ ಅನಿಸಿದರೂ ಎರಡರ ಬೇರು ಒಂದೇ. ಎರಡೂ ಕಡೆ ಟ್ರೇಡರ್ ಮೊದಲು ಲೆವರೇಜ್ (ಒತ್ತೆ ಹಣದ ಎಷ್ಟು ಪಟ್ಟು ದೊಡ್ಡ ಪೊಸಿಷನ್ ಎಂಬುದು; 5 ಎಕ್ಸ್ ಎಂದರೆ 5 ಪಟ್ಟು) ಆರಿಸಿದ್ದಾರೆ, ಆಮೇಲೆ ಕೈಗೆ ಬಂದಷ್ಟು ಮಾರ್ಜಿನ್, ಅಂದರೆ ಒತ್ತೆ ಹಣ, ಹಾಕಿದ್ದಾರೆ, ಸ್ಟಾಪ್‌ಲಾಸ್ (ನಷ್ಟ ಬೆಳೆಯದಂತೆ ಒಂದು ಬೆಲೆಗೆ ಪೊಸಿಷನ್ ಮುಚ್ಚುವ ಆರ್ಡರ್) ಎಲ್ಲಿಡಬೇಕು ಎಂಬ ಯೋಚನೆ ಎಲ್ಲಕ್ಕಿಂತ ಕೊನೆಗೆ ಬಂದಿದೆ.

ಕ್ರಮ ಇದಕ್ಕೆ ಪೂರ್ತಿ ತಿರುಗುಮುರುಗಾಗಿರಬೇಕು. ಎಷ್ಟು ಹಣ ಕಳೆದುಕೊಳ್ಳಲು ಸಿದ್ಧ ಎಂಬುದು ಮೊದಲು. ಸ್ಟಾಪ್‌ಲಾಸ್ ಎಲ್ಲಿ ಎಂಬುದು ಎರಡನೆಯದು. ಅವೆರಡರಿಂದ ಪೊಸಿಷನ್ ಸೈಜ್ ತಾನಾಗಿ ಹೊರಬರುತ್ತದೆ. ಲೆವರೇಜ್ ಎಲ್ಲಕ್ಕಿಂತ ಕೊನೆ. ಇಲ್ಲಿ ಬಳಸಿರುವ ಬೆಲೆಗಳು ಲೆಕ್ಕ ಸುಲಭವಾಗಲಿ ಎಂದು ಹಿಡಿದ ದುಂಡು ಸಂಖ್ಯೆಗಳು; ನಿಮ್ಮ ಪರದೆಯ ಮೇಲಿನ ಬೆಲೆ ಹಾಕಿಕೊಂಡು ಲೆಕ್ಕ ಮಾಡಿ.

## ಮೊದಲು ಬೇರ್ಪಡಿಸಿಕೊಳ್ಳಬೇಕಾದ ಪದಗಳು

ಪೊಸಿಷನ್ ಸೈಜ್ ಎಂದರೆ ನೀವು ನಿಜವಾಗಿ ಹಿಡಿದಿರುವ ನಾಣ್ಯದ ಪ್ರಮಾಣ. 0.5 ಈಥರ್ ಅನ್ನು 3,000 ಡಾಲರ್ ಬೆಲೆಗೆ ಹಿಡಿದರೆ ಅದರ ಪೂರ್ತಿ ಮೌಲ್ಯ 1,500. ಲಾಭ, ನಷ್ಟ, ಶುಲ್ಕ, ಫಂಡಿಂಗ್ ನಾಲ್ಕೂ ಈ 1,500ರ ಮೇಲೆ ನಡೆಯುತ್ತವೆ. ಫಂಡಿಂಗ್ ಎಂದರೆ ಲಾಂಗ್ (ಬೆಲೆ ಏರಿದರೆ ಲಾಭ) ಮತ್ತು ಶಾರ್ಟ್ (ಬೆಲೆ ಇಳಿದರೆ ಲಾಭ) ಹಿಡಿದವರ ನಡುವೆ ನಿಗದಿತ ವೇಳೆಗೆ ಕೈ ಬದಲಾಗುವ ಹಣ.

ಆರಂಭಿಕ ಮಾರ್ಜಿನ್ ಎಂದರೆ ಆ 1,500ರ ಪೊಸಿಷನ್ ತೆರೆಯಲು ಎಕ್ಸ್‌ಚೇಂಜ್ ಒತ್ತೆ ಇಟ್ಟುಕೊಳ್ಳುವ ಹಣ. ಪೂರ್ತಿ ಮೌಲ್ಯವನ್ನು ಲೆವರೇಜ್‌ನಿಂದ ಭಾಗಿಸಿದರೆ ಇದು ಸಿಗುತ್ತದೆ. 10 ಎಕ್ಸ್‌ನಲ್ಲಿ 150, 5 ಎಕ್ಸ್‌ನಲ್ಲಿ 300.

ನಿರ್ವಹಣಾ ಮಾರ್ಜಿನ್ ಎಂದರೆ ಪೊಸಿಷನ್ ಉಳಿಯಬೇಕಾದರೆ ಒತ್ತೆಯಲ್ಲಿ ಇರಲೇಬೇಕಾದ ಕನಿಷ್ಠ ಹಣ. ಒತ್ತೆ ಈ ಮಟ್ಟಕ್ಕೆ ಕರಗಿದ ಕ್ಷಣ ಎಕ್ಸ್‌ಚೇಂಜ್ ನಿಮ್ಮ ಪೊಸಿಷನ್ನನ್ನು ತಾನೇ ಮುಚ್ಚುತ್ತದೆ, ಅದೇ ಲಿಕ್ವಿಡೇಷನ್. ಬಿಟ್‌ಕಾಯಿನ್, ಈಥರ್‌ಗಳ ಸಣ್ಣ ಪೊಸಿಷನ್‌ಗಳಿಗೆ ಇದು ಸಾಮಾನ್ಯವಾಗಿ 0.5% ಆಸುಪಾಸು. ಸಣ್ಣ ನಾಣ್ಯಗಳಿಗೆ 1%, 2%, ಅದಕ್ಕೂ ಹೆಚ್ಚು. ಪೊಸಿಷನ್ ದೊಡ್ಡದಾದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಷೇರು ಮಾರುಕಟ್ಟೆಯ ನಿಫ್ಟಿ ಫ್ಯೂಚರ್ಸ್‌ನಿಂದ ಬಂದವರು ಎರಡು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಲಾಟ್ ಸೈಜ್ ನಿಗದಿಯಾಗಿರುತ್ತದೆ, ಒಂದು ಲಾಟ್‌ಗಿಂತ ಕಡಿಮೆ ಹಿಡಿಯಲಾಗದು. ಕ್ರಿಪ್ಟೊದಲ್ಲಿ 0.001 ಬಿಟ್‌ಕಾಯಿನ್‌ನಷ್ಟು ಚಿಕ್ಕ ಪ್ರಮಾಣವನ್ನೂ ಹಿಡಿಯಬಹುದು, ಹಾಗಾಗಿ ಸೈಜನ್ನು ನಿಖರವಾಗಿ ಹೊಂದಿಸಲು ಸಾಧ್ಯ. ಎರಡನೆಯದು, ಮಾರ್ಜಿನ್ ಕಡಿಮೆಯಾಯಿತು, ಸಂಜೆಯೊಳಗೆ ಹಣ ಹಾಕಿ ಎಂದು ಬ್ರೋಕರ್ ಕಡೆಯಿಂದ ಇಲ್ಲಿ ಯಾರೂ ಫೋನ್ ಮಾಡುವುದಿಲ್ಲ. ದಿನದ 24 ಗಂಟೆ, ವಾರದ 7 ದಿನ ಯಂತ್ರವೇ ನೋಡಿಕೊಳ್ಳುತ್ತದೆ, ಯಂತ್ರವೇ ಮುಚ್ಚುತ್ತದೆ.

## ಕೈಯಲ್ಲಿ ಇರಬೇಕಾದವು

- ಒಂದು ಸ್ಪ್ರೆಡ್‌ಶೀಟ್, ಅಥವಾ ನೋಟ್‌ಬುಕ್ ಮತ್ತು ಕ್ಯಾಲ್ಕುಲೇಟರ್. ಎಕ್ಸ್‌ಚೇಂಜ್ ಆ್ಯಪ್‌ನೊಳಗಿನ ಕ್ಯಾಲ್ಕುಲೇಟರ್ ಉತ್ತರ ತಾಳೆ ನೋಡಲು ಮಾತ್ರ.
- ನೀವು ಟ್ರೇಡ್ ಮಾಡುವ ಕಾಂಟ್ರ್ಯಾಕ್ಟಿನ ವಿವರ ಪುಟ: ಕನಿಷ್ಠ ಪ್ರಮಾಣ, ಪ್ರಮಾಣದ ಹೆಜ್ಜೆ, ನಿರ್ವಹಣಾ ಮಾರ್ಜಿನ್ ದರ, ಫಂಡಿಂಗ್ ವೇಳೆ.
- ನಿಮ್ಮ ಶುಲ್ಕದ ದರ. ಮೇಕರ್ (ಬೆಲೆ ಹೇಳಿ ಕಾಯುವ ಆರ್ಡರ್‌ನದು) ಮತ್ತು ಟೇಕರ್ (ಕೂಡಲೇ ತುಂಬುವ ಆರ್ಡರ್‌ನದು) ಎರಡೂ. ಭಾರತದ ಎಕ್ಸ್‌ಚೇಂಜ್ ಆದರೆ ಶುಲ್ಕದ ಮೇಲೆ 18% ಜಿಎಸ್‌ಟಿ ಸೇರಿಸಿ.
- ಚಾರ್ಟಿನಲ್ಲಿ ಎಟಿಆರ್ ಸೂಚಕ (ಬೆಲೆಯ ಸರಾಸರಿ ಓಡಾಟ ತೋರಿಸುವುದು), 14 ಅವಧಿಗೆ ಹೊಂದಿಸಿದ್ದು.

ಕಾಂಟ್ರ್ಯಾಕ್ಟ್ ಯಾವ ಬಗೆಯದು ಎಂದೂ ನೋಡಿಕೊಳ್ಳಿ. ಇಲ್ಲಿನ ಲೆಕ್ಕಗಳೆಲ್ಲ ಯುಎಸ್‌ಡಿಟಿ (ಡಾಲರ್ ಬೆಲೆಗೆ ಹೊಂದಿಕೊಂಡಿರುವ ಕ್ರಿಪ್ಟೊ ನಾಣ್ಯ) ಅಥವಾ ರೂಪಾಯಿ ಮಾರ್ಜಿನ್‌ನ ಕಾಂಟ್ರ್ಯಾಕ್ಟ್‌ಗಳಿಗೆ. ನಾಣ್ಯವನ್ನೇ ಒತ್ತೆಯಾಗಿ ಇಡುವ ಕಾಂಟ್ರ್ಯಾಕ್ಟ್‌ಗಳ ಸ್ವಭಾವ ಬೇರೆ. ಅಲ್ಲಿ ಲಾಂಗ್ ಹಿಡಿದಾಗ ಬೆಲೆ ಬಿದ್ದರೆ ಪೊಸಿಷನ್ನಿನ ನಷ್ಟದ ಜೊತೆಗೆ ಒತ್ತೆಯ ಮೌಲ್ಯವೂ ಕುಸಿಯುತ್ತದೆ. ಬರೀ 1 ಎಕ್ಸ್ ಲಾಂಗ್ ಕೂಡ ಬೆಲೆ ಸುಮಾರು ಅರ್ಧಕ್ಕೆ ಇಳಿದಾಗ ಲಿಕ್ವಿಡೇಟ್ ಆಗುತ್ತದೆ. ಕಲಿಯುವ ಹಂತದಲ್ಲಿ ಅವುಗಳ ತಂಟೆ ಬೇಡ.

## ಹಂತ 1: ಕಳೆದುಕೊಳ್ಳಬಹುದಾದ ಮೊತ್ತ ನಿಗದಿ ಮಾಡಿ

ಒಂದು ಟ್ರೇಡ್ ತಪ್ಪಿದರೆ ಎಷ್ಟು ಹೋಗಬಹುದು? ಫ್ಯೂಚರ್ಸ್ ವಾಲೆಟ್‌ನ ಒಟ್ಟು ಹಣದ 1% ಹಿಡಿಯಿರಿ. ಹೊಸಬರಿಗೆ 0.5% ಇನ್ನೂ ಒಳ್ಳೆಯದು. ಯಾರೇ ಆಗಲಿ, 2% ದಾಟಬೇಡಿ.

1,000 ಯುಎಸ್‌ಡಿಟಿ ಇದ್ದರೆ 1% ಎಂದರೆ 10. ರೂಪಾಯಿ ಅಕೌಂಟಿನಲ್ಲಿ ₹1,00,000 ಇದ್ದರೆ ₹1,000. ಅದನ್ನು ಎಕ್ಸ್‌ಚೇಂಜ್ ತೋರಿಸುವ ಪರಿವರ್ತನೆ ದರದಲ್ಲೇ ಡಾಲರ್‌ಗೆ ಬದಲಿಸಿ. ದರ 90 ಎಂದಿದ್ದರೆ 11.1 ಆಗುತ್ತದೆ. ಗೂಗಲ್‌ನಲ್ಲಿ ಕಾಣುವ ಡಾಲರ್ ದರ ಹಿಡಿದು ಲೆಕ್ಕ ಹಾಕಿದರೆ ಸೈಜ್ ತಪ್ಪುತ್ತದೆ.

1% ತೀರಾ ಕಡಿಮೆ ಅನಿಸುವವರಿಗೆ ಒಂದು ಲೆಕ್ಕ. ಸತತ ಐದು ಟ್ರೇಡ್ ಸೋಲುವುದು ಅಪರೂಪವೇನಲ್ಲ. ಪ್ರತಿ ಸಲ 1% ಹೋದರೆ ಐದು ಸೋಲಿನ ನಂತರ 95.1% ಹಣ ಕೈಯಲ್ಲಿರುತ್ತದೆ, ಹಳೆಯ ಮಟ್ಟಕ್ಕೆ ಮರಳಲು ಸುಮಾರು 5.2% ಗಳಿಸಿದರೆ ಸಾಕು. ಪ್ರತಿ ಸಲ 8.8% ಹೋದರೆ ಉಳಿಯುವುದು 63%. ಮರಳಲು 58% ಗಳಿಸಬೇಕು. 8.8 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಉಳಿತಾಯ, ಮಕ್ಕಳ ಫೀಸು, ಸಾಲದ ಕಂತು ಇವ್ಯಾವುವೂ "ಒಟ್ಟು ಹಣ"ದಲ್ಲಿ ಬರುವುದಿಲ್ಲ. ಫ್ಯೂಚರ್ಸ್ ವಾಲೆಟ್‌ನಲ್ಲಿ ಈಗ ಇರುವುದಷ್ಟೇ ಲೆಕ್ಕಕ್ಕೆ.

## ಹಂತ 2: ಸ್ಟಾಪ್‌ಲಾಸ್ ಎಲ್ಲಿ ಎಂದು ಚಾರ್ಟನ್ನು ಕೇಳಿ, ಜೇಬನ್ನಲ್ಲ

ಬಹಳಷ್ಟು ಜನ ಮಾಡುವುದು ಹೀಗೆ: "ನನ್ನಿಂದ 10 ಡಾಲರ್‌ಗಿಂತ ಹೆಚ್ಚು ಕಳೆದುಕೊಳ್ಳಲಾಗದು, ಪೊಸಿಷನ್ ಇಷ್ಟು ದೊಡ್ಡದಿದೆ, ಹಾಗಾಗಿ ಸ್ಟಾಪ್ ಇಲ್ಲಿಗೆ ಬರಬೇಕು." ಇದರಿಂದ ಸ್ಟಾಪ್ ಮಾರುಕಟ್ಟೆಯ ದಿನನಿತ್ಯದ ಅಲುಗಾಟದ ನಡುವೆ ಕೂರುತ್ತದೆ. ಬೆಲೆ ಒಂದು ಸುತ್ತು ಕೆಳಗೆ ಬಂದು ನಿಮ್ಮನ್ನು ಹೊರಹಾಕಿ, ನೀವು ಅಂದುಕೊಂಡ ದಿಕ್ಕಿಗೇ ಹೋಗುತ್ತದೆ. ಸ್ಟಾಪ್‌ಲಾಸ್ ಇರಬೇಕಾದ ಜಾಗ ಒಂದೇ: ಯಾವ ಬೆಲೆ ಮುಟ್ಟಿದರೆ ನಿಮ್ಮ ಅಂದಾಜು ತಪ್ಪೆಂದು ಸಾಬೀತಾಗುತ್ತದೋ ಅಲ್ಲಿ. ಲಾಂಗ್ ಆದರೆ ಇತ್ತೀಚಿನ ತಗ್ಗಿನ ಕೆಳಗೆ, ಶಾರ್ಟ್ ಆದರೆ ಇತ್ತೀಚಿನ ಏರಿನ ಮೇಲೆ.

ದೂರ ಸಾಕೇ ಎಂದು ನೋಡಲು ಎಟಿಆರ್ ಬಳಸಿ. ಒಂದು ಕ್ಯಾಂಡಲ್‌ನಲ್ಲಿ, ಅಂದರೆ ಚಾರ್ಟಿನ ಒಂದು ಅವಧಿಯಲ್ಲಿ, ಬೆಲೆ ಸರಾಸರಿ ಎಷ್ಟು ಓಡಾಡುತ್ತದೆ ಎಂಬುದನ್ನು ಅದು ಹೇಳುತ್ತದೆ. 4 ಗಂಟೆಯ ಚಾರ್ಟಿನಲ್ಲಿ ಈಥರ್‌ನ ಎಟಿಆರ್ 40 ಡಾಲರ್ ಇದ್ದರೆ, ಅದರ ಒಂದೂವರೆ ಪಟ್ಟು, ಅಂದರೆ 60 ಡಾಲರ್ ದೂರ ಕನಿಷ್ಠ ಬೇಕು. ಎಂಟ್ರಿ 3,000 ಆದರೆ ಸ್ಟಾಪ್ 2,940. ಶೇಕಡಾವಾರು 2%.

ಚಾರ್ಟ್ ಹೇಳುವ ದೂರ 6% ಬಂದರೆ 6% ಎಂದೇ ಬರೆದುಕೊಳ್ಳಿ. ಕುಗ್ಗಿಸಬೇಡಿ. ಅದರಿಂದ ಸೈಜ್ ಚಿಕ್ಕದಾಗುತ್ತದೆಯೇ ಹೊರತು ನಷ್ಟ ದೊಡ್ಡದಾಗುವುದಿಲ್ಲ.

## ಹಂತ 3: ಪೊಸಿಷನ್ ಸೈಜ್

ಸೂತ್ರ ಒಂದೇ ಸಾಲಿನದು:

ಪ್ರಮಾಣ = ಕಳೆದುಕೊಳ್ಳಬಹುದಾದ ಮೊತ್ತ ÷ (ಸ್ಟಾಪ್‌ನ ದೂರ + ಒಂದು ನಾಣ್ಯಕ್ಕೆ ತಗಲುವ ಖರ್ಚು)

ಆವರಣದೊಳಗಿನ ಎರಡನೇ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಖರ್ಚು ಹೀಗೆ ಲೆಕ್ಕ ಹಾಕಿ. ಟೇಕರ್ ಶುಲ್ಕ 0.05% ಎಂದುಕೊಳ್ಳೋಣ. 3,000ಕ್ಕೆ ಒಳಬರುವಾಗ 1.50, 2,940ಕ್ಕೆ ಹೊರಹೋಗುವಾಗ 1.47, ಒಟ್ಟು 2.97. ಇದರ ಮೇಲೆ 18% ಜಿಎಸ್‌ಟಿ ಸೇರಿದರೆ 3.50. ಸ್ಟಾಪ್ ಮಾರ್ಕೆಟ್ ಆರ್ಡರ್ (ಆ ಕ್ಷಣ ಸಿಕ್ಕ ಬೆಲೆಗೆ ತುಂಬುವುದು) ಆಗಿ ಹೊರಹೋಗುವಾಗ ಬೆಲೆ ತುಸು ಜಾರುತ್ತದೆ, ಅದಕ್ಕೆ 2.50 ಇಡಿ. ಒಟ್ಟು 6 ಡಾಲರ್.

10 ÷ (60 + 6) = 0.1515 ಈಥರ್. ಎಕ್ಸ್‌ಚೇಂಜ್ 0.001ರ ಹೆಜ್ಜೆಯಲ್ಲಿ ಪ್ರಮಾಣ ತೆಗೆದುಕೊಳ್ಳುವುದಾದರೆ 0.151 ಎಂದು ಕೆಳಕ್ಕೆ ಇಳಿಸಿ, ಮೇಲಕ್ಕೆ ಏರಿಸಬೇಡಿ. ಪೂರ್ತಿ ಮೌಲ್ಯ 453 ಯುಎಸ್‌ಡಿಟಿ.

ಇಲ್ಲಿಯವರೆಗೆ ಲೆವರೇಜ್ ಎಂಬ ಪದವೇ ಲೆಕ್ಕದಲ್ಲಿ ಬಂದಿಲ್ಲ. ಈ ಪೊಸಿಷನ್ನನ್ನು 3 ಎಕ್ಸ್‌ನಲ್ಲಿ ತೆರೆಯಿರಿ, 15 ಎಕ್ಸ್‌ನಲ್ಲಿ ತೆರೆಯಿರಿ, 2,940ಕ್ಕೆ ಸ್ಟಾಪ್ ಹೊಡೆದರೆ ಹೋಗುವುದು ಅದೇ ಸುಮಾರು 10 ಡಾಲರ್. "ಲೆವರೇಜ್ ಕಡಿಮೆ ಇಟ್ಟರೆ ಸೇಫ್" ಎಂಬ ಮಾತು ಅರ್ಧ ಸತ್ಯ. ಆರಂಭದಲ್ಲಿ ಹೇಳಿದ 5 ಎಕ್ಸ್‌ನ ದೂರನ್ನೇ ನೋಡಿ: 1,000 ಡಾಲರ್ ಪೂರ್ತಿ ಮಾರ್ಜಿನ್ ಆಗಿ ಹಾಕಿ 5 ಎಕ್ಸ್ ತೆಗೆದುಕೊಂಡರೆ ಪೊಸಿಷನ್ 5,000. ಬೆಲೆ 5% ಬಿದ್ದರೆ 250 ಹೋಯಿತು, ಅಂದರೆ ಕಾಲು ಭಾಗ. ಕೆಡಿಸಿದ್ದು ಸೈಜ್, ಲೆವರೇಜ್ ಅದಕ್ಕೆ ಬಾಗಿಲು ತೆರೆಯಿತು ಅಷ್ಟೆ.

ಈಗ ಆ 8.8% ನೋಡೋಣ. ಅದೇ 1,000 ಡಾಲರ್ ಅಕೌಂಟಿನವರು ಸೂತ್ರ ಬಿಟ್ಟು, 20 ಎಕ್ಸ್ ಆರಿಸಿ, "ಬರೀ 200 ಹಾಕ್ತೀನಿ" ಎಂದು ಹೊರಟರೆ ಪೊಸಿಷನ್ 4,000 ಆಗುತ್ತದೆ. 2% ಸ್ಟಾಪ್ ಹೊಡೆದರೆ 80, ಖರ್ಚು 8, ಒಟ್ಟು 88. ಅವರ ತಲೆಯಲ್ಲಿ ಇದು ಅಕೌಂಟಿನ ಐದನೇ ಒಂದು ಭಾಗ ಹಾಕಿದ ಚಿಕ್ಕ ಟ್ರೇಡ್. ಲೆಕ್ಕದಲ್ಲಿ ಇದು ಅಕೌಂಟಿನ ನಾಲ್ಕು ಪಟ್ಟು ದೊಡ್ಡ ಪೊಸಿಷನ್.

ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಬಂದರೆ? ಬಿಟ್‌ಕಾಯಿನ್ 1,00,000 ಡಾಲರ್ ಇದ್ದು ಕನಿಷ್ಠ ಪ್ರಮಾಣ 0.001 ಆದರೆ, ಅತಿ ಚಿಕ್ಕ ಪೊಸಿಷನ್ನೇ 100 ಡಾಲರ್. 2% ಸ್ಟಾಪ್, ಖರ್ಚು ಸೇರಿ 2.20 ಹೋಗುತ್ತದೆ. ನಿಮ್ಮಲ್ಲಿರುವುದು 50 ಡಾಲರ್ ಆದರೆ ಅದು 4.4%. ಅಂಥ ಸಂದರ್ಭದಲ್ಲಿ ಆ ಟ್ರೇಡ್ ಬಿಡಿ, ಇಲ್ಲವೇ ಕನಿಷ್ಠ ಮೌಲ್ಯ ಕಡಿಮೆ ಇರುವ ಬೇರೆ ಕಾಂಟ್ರ್ಯಾಕ್ಟ್ ನೋಡಿ. ಕನಿಷ್ಠಕ್ಕೆ ಹೊಂದಿಸಲು ಸ್ಟಾಪನ್ನು ಹತ್ತಿರಕ್ಕೆ ಎಳೆಯುವುದು ಎರಡನೇ ಹಂತದ ತಪ್ಪನ್ನೇ ಮತ್ತೆ ಮಾಡಿದಂತೆ.

## ಹಂತ 4: ಲೆವರೇಜ್ ಮತ್ತು ಲಿಕ್ವಿಡೇಷನ್ ಬೆಲೆ

ಲೆವರೇಜ್ ಎರಡನ್ನು ತೀರ್ಮಾನಿಸುತ್ತದೆ: ಎಷ್ಟು ಹಣ ಒತ್ತೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಮತ್ತು ಲಿಕ್ವಿಡೇಷನ್ ಬೆಲೆ ಎಷ್ಟು ಹತ್ತಿರದಲ್ಲಿರುತ್ತದೆ. ಐಸೊಲೇಟೆಡ್ ಮಾರ್ಜಿನ್‌ನಲ್ಲಿ (ಆ ಪೊಸಿಷನ್ನಿಗೆ ಎತ್ತಿಟ್ಟ ಹಣವಷ್ಟೇ ಒತ್ತೆ; ವಿವರ ಐದನೇ ಹಂತದಲ್ಲಿ) ಲಾಂಗ್ ಪೊಸಿಷನ್ನಿಗೆ ಸೂತ್ರ:

ಲಿಕ್ವಿಡೇಷನ್ ಬೆಲೆ = ಎಂಟ್ರಿ × (1 − 1 ÷ ಲೆವರೇಜ್) ÷ (1 − ನಿರ್ವಹಣಾ ದರ)

ಶಾರ್ಟ್‌ಗೆ ಎರಡೂ ಕಡೆ ಕಳೆಯುವ ಬದಲು ಕೂಡಿಸಿ. 3,000ಕ್ಕೆ 10 ಎಕ್ಸ್ ಶಾರ್ಟ್ ಆದರೆ 3,300 ÷ 1.005, ಅಂದರೆ 3,283.6.

ನಮ್ಮ 453 ಡಾಲರ್‌ನ ಲಾಂಗ್‌ಗೆ, ನಿರ್ವಹಣಾ ದರ 0.5% ಹಿಡಿದರೆ:

- 5 ಎಕ್ಸ್: ಮಾರ್ಜಿನ್ 90.6, ಲಿಕ್ವಿಡೇಷನ್ 2,412
- 10 ಎಕ್ಸ್: ಮಾರ್ಜಿನ್ 45.3, ಲಿಕ್ವಿಡೇಷನ್ 2,713.6
- 25 ಎಕ್ಸ್: ಮಾರ್ಜಿನ್ 18.1, ಲಿಕ್ವಿಡೇಷನ್ 2,894.5
- 50 ಎಕ್ಸ್: ಮಾರ್ಜಿನ್ 9.06, ಲಿಕ್ವಿಡೇಷನ್ 2,954.8

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಸ್ಟಾಪ್ ಇರುವುದು 2,940ಕ್ಕೆ, ಲಿಕ್ವಿಡೇಷನ್ 2,954.8ಕ್ಕೆ. ಸ್ಟಾಪ್‌ಲಾಸ್ ತನ್ನ ಸರದಿ ಬರುವ ಮೊದಲೇ ಸತ್ತುಹೋಗಿದೆ. "ಸ್ಟಾಪ್ ಹಾಕಿದ್ದೆ, ಆದರೂ ಲಿಕ್ವಿಡೇಟ್ ಆಯಿತು" ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇಷ್ಟೇ.

25 ಎಕ್ಸ್‌ನಲ್ಲಿ ಲಿಕ್ವಿಡೇಷನ್ ಸ್ಟಾಪ್‌ಗಿಂತ ಕೆಳಗಿದ್ದರೂ ನಡುವಿನ ಅಂತರ 45 ಡಾಲರ್ ಮಾತ್ರ. ಜೋರಾಗಿ ಬೀಳುವ ಮಾರುಕಟ್ಟೆಯಲ್ಲಿ ಅಷ್ಟು ದೂರವನ್ನು ಬೆಲೆ ಒಂದೇ ನಿಮಿಷದಲ್ಲಿ ದಾಟಬಹುದು. ಆದ್ದರಿಂದ ಲಿಕ್ವಿಡೇಷನ್ ದೂರ ಸ್ಟಾಪ್ ದೂರದ ಮೂರು ಪಟ್ಟು ಇರಲಿ. ಅದರಿಂದ ಗರಿಷ್ಠ ಲೆವರೇಜ್ ಸಿಗುತ್ತದೆ:

ಗರಿಷ್ಠ ಲೆವರೇಜ್ = 1 ÷ (3 × ಸ್ಟಾಪ್ ದೂರ + ನಿರ್ವಹಣಾ ದರ)

2% ಸ್ಟಾಪ್‌ಗೆ 1 ÷ 0.065, ಅಂದರೆ 15. 5% ಸ್ಟಾಪ್‌ಗೆ 6. 8% ಸ್ಟಾಪ್‌ಗೆ 4. ದಶಮಾಂಶ ಬಂದರೆ ಕೆಳಕ್ಕೆ ಇಳಿಸಿ. 1% ಸ್ಟಾಪ್‌ಗೆ ಸೂತ್ರ 28 ಎನ್ನುತ್ತದೆ. ಅದನ್ನು ತೆಗೆದುಕೊಳ್ಳಬೇಡಿ; ಸೂತ್ರ ಎಷ್ಟೇ ಹೇಳಲಿ, 10ಕ್ಕೆ ನಿಲ್ಲಿಸಿ. 1% ಸೈಜಿನ ನಿಯಮ ಪಾಲಿಸುವವರ ಒತ್ತೆ 10 ಎಕ್ಸ್‌ನಲ್ಲೇ ಅಕೌಂಟಿನ ಸಣ್ಣ ಪಾಲಾಗಿರುತ್ತದೆ, ಇನ್ನೂ ಹೆಚ್ಚಿಸಿ ಉಳಿಸುವುದು ಏನೂ ಇಲ್ಲ.

ಸಣ್ಣ ನಾಣ್ಯಗಳಲ್ಲಿ ನಿರ್ವಹಣಾ ದರ ನೋಡದೆ ಮುಂದುವರಿಯಬೇಡಿ. 20 ಎಕ್ಸ್ ಎಂದರೆ 5% ಬೀಳುವವರೆಗೆ ಭಯವಿಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ನಿರ್ವಹಣಾ ದರ 2% ಇರುವ ನಾಣ್ಯದಲ್ಲಿ ಲಿಕ್ವಿಡೇಷನ್ ಸುಮಾರು 3%ಕ್ಕೇ ಬರುತ್ತದೆ. ಅಂಥ ನಾಣ್ಯ 3% ಅಲುಗಾಡಲು ಸುದ್ದಿಯೇ ಬೇಕಿಲ್ಲ.

## ಹಂತ 5: ಐಸೊಲೇಟೆಡ್ ಅಥವಾ ಕ್ರಾಸ್

ಐಸೊಲೇಟೆಡ್‌ನಲ್ಲಿ ಆ ಪೊಸಿಷನ್ನಿಗೆ ಎತ್ತಿಟ್ಟ ಹಣಕ್ಕಷ್ಟೇ ಅಪಾಯ. ಕ್ರಾಸ್‌ನಲ್ಲಿ ಫ್ಯೂಚರ್ಸ್ ವಾಲೆಟ್ ಪೂರ್ತಿ ಒತ್ತೆಯಾಗಿ ನಿಲ್ಲುತ್ತದೆ. ಮೇಲೆ ಹೇಳಿದ 4,000 ಡಾಲರ್‌ನ ಪೊಸಿಷನ್ ಐಸೊಲೇಟೆಡ್‌ನಲ್ಲಿ 2,864ರ ಹತ್ತಿರ ಮುಚ್ಚಿ, ಹೋಗುವುದು ಹೆಚ್ಚೆಂದರೆ ಆ 200. ಅದೇ ಕ್ರಾಸ್‌ನಲ್ಲಿ 2,261ರವರೆಗೆ ಎಳೆದಾಡಿ 1,000ವನ್ನೂ ನುಂಗುತ್ತದೆ.

ಕ್ರಾಸ್‌ನ ಇನ್ನೊಂದು ಮೋಸ ಪರದೆಯ ಮೇಲೆಯೇ ಇದೆ. ವಾಲೆಟ್‌ನಲ್ಲಿ 1,000 ಇದ್ದು 453ರ ಲಾಂಗ್ ಹಿಡಿದರೆ ಲಿಕ್ವಿಡೇಷನ್ ಬೆಲೆಯ ಜಾಗದಲ್ಲಿ ಬರೀ ಅಡ್ಡಗೆರೆ ಕಾಣುತ್ತದೆ. ಈಥರ್ ಸೊನ್ನೆಗೆ ಬಂದರೂ ಹಣ ಉಳಿಯುತ್ತದೆ ಎಂಬುದು ಆ ಗೆರೆಯ ಅರ್ಥ, ಆ ಕ್ಷಣಕ್ಕೆ ಅದು ನಿಜವೂ ಹೌದು. ಅದನ್ನು ನೋಡಿ ಧೈರ್ಯ ಬಂದು ಎರಡನೇ, ಮೂರನೇ ಪೊಸಿಷನ್ ಸೇರಿಸುತ್ತಾ ಹೋದಂತೆ ಗೆರೆಯ ಜಾಗದಲ್ಲಿ ಸಂಖ್ಯೆ ಹುಟ್ಟಿ, ಪ್ರತಿ ಹೊಸ ಪೊಸಿಷನ್ನಿನೊಂದಿಗೆ ಹತ್ತಿರ ಬರುತ್ತದೆ.

ಐಸೊಲೇಟೆಡ್ ಬಳಸಿ. ಕ್ರಾಸ್ ಬೇಕಾಗುವುದು ಒಂದರ ಅಪಾಯವನ್ನು ಇನ್ನೊಂದರಿಂದ ಸರಿದೂಗಿಸುವ ಜೋಡಿ ಪೊಸಿಷನ್ ಹಿಡಿಯುವವರಿಗೆ.

## ಹಂತ 6: ಆರ್ಡರ್ ಹಾಕುವ ಸರದಿ

ಲೆಕ್ಕ ಸರಿಯಿದ್ದೂ ಇಲ್ಲಿ ಕೈ ಸುಟ್ಟುಕೊಳ್ಳುವವರು ಬಹಳ. ಸರದಿ ತಪ್ಪಿಸಬೇಡಿ.

1. ಮಾರ್ಜಿನ್ ಮೋಡ್ ಐಸೊಲೇಟೆಡ್ ಮಾಡಿ. ಪೊಸಿಷನ್ ಅಥವಾ ಬಾಕಿ ಆರ್ಡರ್ ಇರುವಾಗ ಇದನ್ನು ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

2. ಲೆವರೇಜ್ ಹೊಂದಿಸಿ. ಪ್ರತಿ ಕಾಂಟ್ರ್ಯಾಕ್ಟಿಗೂ ಪ್ರತ್ಯೇಕವಾಗಿ ಹೊಂದಿಸಬೇಕು. ಈಥರ್‌ಗೆ 10 ಇಟ್ಟ ಮಾತ್ರಕ್ಕೆ ಸೊಲಾನಾಗೆ 10 ಆಗಿರುವುದಿಲ್ಲ. ಆ್ಯಪ್ ತಾನಾಗಿ 20 ಇಟ್ಟಿರಬಹುದು.

3. ಪ್ರಮಾಣದ ಪೆಟ್ಟಿಗೆ ಯಾವ ಅಳತೆಯಲ್ಲಿದೆ ನೋಡಿ. ಇದು ಅತಿ ದುಬಾರಿ ತಪ್ಪಿನ ಜಾಗ. ಅಲ್ಲಿ ನಾಣ್ಯದ ಸಂಖ್ಯೆ ಕೇಳಬಹುದು, ಪೂರ್ತಿ ಮೌಲ್ಯ ಕೇಳಬಹುದು, ಮಾರ್ಜಿನ್ ಮೊತ್ತವನ್ನೂ ಕೇಳಬಹುದು. 453 ಎಂದು ಪೂರ್ತಿ ಮೌಲ್ಯವೆಂದುಕೊಂಡು ಬರೆದು, ಪೆಟ್ಟಿಗೆ ಮಾರ್ಜಿನ್ ಅಳತೆಯಲ್ಲಿದ್ದರೆ, 10 ಎಕ್ಸ್‌ನಲ್ಲಿ 4,530ರ ಪೊಸಿಷನ್ ತೆರೆದುಕೊಳ್ಳುತ್ತದೆ. ಸದಾ ನಾಣ್ಯದ ಅಳತೆ ಇಟ್ಟುಕೊಂಡು 0.151 ಎಂದೇ ಬರೆಯಿರಿ.

4. ಎಂಟ್ರಿಗೆ ಲಿಮಿಟ್ ಆರ್ಡರ್ (ನೀವು ಹೇಳಿದ ಬೆಲೆಗೆ ಮಾತ್ರ ತುಂಬುವುದು) ಬಳಸಿ. ಲೆಕ್ಕ ಮಾಡಿದ ಬೆಲೆಯೇ ಸಿಗುತ್ತದೆ, ಶುಲ್ಕವೂ ಕಡಿಮೆ.

5. ಸ್ಟಾಪ್‌ಲಾಸನ್ನು ಅದೇ ಆರ್ಡರ್‌ಗೆ ಜೋಡಿಸಿ. "ಫಿಲ್ ಆದಮೇಲೆ ಹಾಕ್ತೀನಿ" ಬೇಡ. ಸ್ಟಾಪ್ ಮಾರ್ಕೆಟ್ ಆಗಿರಲಿ, ಸ್ಟಾಪ್ ಲಿಮಿಟ್ ಬೇಡ. ಬೆಲೆ ನಿಮ್ಮ ಲಿಮಿಟನ್ನು ಹಾರಿ ಕೆಳಗೆ ಹೋದರೆ ಸ್ಟಾಪ್ ಲಿಮಿಟ್ ತುಂಬದೆ ಹಾಗೇ ನಿಂತಿರುತ್ತದೆ, ನಷ್ಟ ಮಾತ್ರ ಓಡುತ್ತಿರುತ್ತದೆ.

6. ಸ್ಟಾಪ್‌ನ ಟ್ರಿಗರ್ ಮಾರ್ಕ್ ಪ್ರೈಸ್‌ಗೆ ಹೊಂದಿಸಿ. ಮಾರ್ಕ್ ಪ್ರೈಸ್ ಹಲವು ಸ್ಪಾಟ್ ಮಾರುಕಟ್ಟೆಗಳ (ನಾಣ್ಯವನ್ನೇ ನೇರವಾಗಿ ಕೊಂಡು ಮಾರುವ ಕಡೆಗಳ) ಬೆಲೆ ಆಧರಿಸಿದ್ದು. ಲಿಕ್ವಿಡೇಷನ್ ನಡೆಯುವುದು ಇದರ ಮೇಲೆಯೇ. ಲಾಸ್ಟ್ ಪ್ರೈಸ್ ಆ ಒಂದು ಎಕ್ಸ್‌ಚೇಂಜಿನ ಕೊನೆಯ ವಹಿವಾಟು. ಅಲ್ಲಿ ಬರುವ ಒಂಟಿ ಉದ್ದ ಬಾಲಕ್ಕೂ ಸ್ಟಾಪ್ ಹೊಡೆದುಹೋಗುತ್ತದೆ. ಮಾರ್ಕ್ ಆರಿಸಿದರೆ ಕುಸಿತದ ವೇಳೆ ಹೊರಹೋಗುವ ಬೆಲೆ ಸ್ವಲ್ಪ ಕೆಡಬಹುದು. ಖರ್ಚಿನ ಲೆಕ್ಕದಲ್ಲಿ ಜಾರುವಿಕೆಗೆ ಹಣ ಇಟ್ಟದ್ದು ಅದಕ್ಕೇ.

7. ರೆಡ್ಯೂಸ್ ಓನ್ಲಿ (ಇರುವ ಪೊಸಿಷನ್ನನ್ನು ಇಳಿಸಲು ಮಾತ್ರ) ಗುರುತು ಹಾಕಿ. ಇದಿಲ್ಲದಿದ್ದರೆ, ನೀವು ಪೊಸಿಷನ್ ಕೈಯಾರೆ ಮುಚ್ಚಿದ ಮೇಲೂ ಉಳಿದುಕೊಂಡ ಸ್ಟಾಪ್ ಆರ್ಡರ್ ಆಮೇಲೊಂದು ದಿನ ಹೊಡೆದು ಉಲ್ಟಾ ದಿಕ್ಕಿನ ಹೊಸ ಪೊಸಿಷನ್ ತೆರೆಯುತ್ತದೆ. ಅದಕ್ಕೆ ಸ್ಟಾಪೂ ಇರುವುದಿಲ್ಲ.

8. ಆರ್ಡರ್ ತುಂಬಿದ ಮೇಲೆ ಮೂರು ಸಂಖ್ಯೆ ತಾಳೆ ನೋಡಿ: ಪ್ರಮಾಣ, ಮಾರ್ಜಿನ್, ಲಿಕ್ವಿಡೇಷನ್ ಬೆಲೆ. ಎಕ್ಸ್‌ಚೇಂಜ್ ತೋರಿಸುವ ಲಿಕ್ವಿಡೇಷನ್ ಬೆಲೆ ನಿಮ್ಮ ಲೆಕ್ಕಕ್ಕಿಂತ ಕೆಲವೇ ಡಾಲರ್ ಆಚೀಚೆ ಇದ್ದರೆ ಅದು ಶುಲ್ಕದ ವ್ಯತ್ಯಾಸ. 50 ಡಾಲರ್‌ಗಿಂತ ಹೆಚ್ಚು ತಪ್ಪಿದರೆ ಮೇಲಿನ ಯಾವುದೋ ಹೆಜ್ಜೆ ತಪ್ಪಿದೆ; ಮುಚ್ಚಿ, ಹುಡುಕಿ.

## ಹಂತ 7: ಪೊಸಿಷನ್ ತೆರೆದಿರುವಾಗ

ಫಂಡಿಂಗ್. ಹಲವು ಪರ್ಪೆಚುವಲ್ (ಮುಗಿಯುವ ದಿನಾಂಕವಿಲ್ಲದ) ಕಾಂಟ್ರ್ಯಾಕ್ಟ್‌ಗಳಲ್ಲಿ 8 ಗಂಟೆಗೊಮ್ಮೆ ಲಾಂಗ್ ಮತ್ತು ಶಾರ್ಟ್‌ಗಳ ನಡುವೆ ಹಣ ಕೈ ಬದಲಾಗುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೆಳಗ್ಗೆ 5:30, ಮಧ್ಯಾಹ್ನ 1:30, ರಾತ್ರಿ 9:30. ಕೆಲವು ಕಾಂಟ್ರ್ಯಾಕ್ಟ್‌ಗಳಲ್ಲಿ 4 ಗಂಟೆಗೊಮ್ಮೆ. ದರ ಧನಾತ್ಮಕವಾಗಿದ್ದರೆ ಲಾಂಗ್‌ನವರು ಕೊಡುತ್ತಾರೆ. 0.01% ದರದಲ್ಲಿ ನಮ್ಮ 453ಕ್ಕೆ ಒಂದು ಸಲಕ್ಕೆ 4.5 ಸೆಂಟ್, ಗಮನಿಸಬೇಕಾದ್ದೇನಿಲ್ಲ. ಆದರೆ ಜನ ಒಂದೇ ದಿಕ್ಕಿಗೆ ನುಗ್ಗಿದಾಗ ದರ 0.05%ಕ್ಕೆ ಏರಿದರೆ, 20 ಎಕ್ಸ್‌ನ 4,000 ಡಾಲರ್ ಪೊಸಿಷನ್ನಿಗೆ ದಿನಕ್ಕೆ 6 ಡಾಲರ್ ಹೋಗುತ್ತದೆ, ಅಂದರೆ ಹಾಕಿದ 200 ಮಾರ್ಜಿನ್‌ನ 3%. ವಾಲೆಟ್‌ನಲ್ಲಿ ಬಿಡಿ ಹಣ ಇಲ್ಲದಿದ್ದರೆ ಅದು ಒತ್ತೆಯಿಂದಲೇ ಕಡಿತವಾಗಿ, ಬೆಲೆ ಅಲುಗಾಡದಿದ್ದರೂ ಲಿಕ್ವಿಡೇಷನ್ ಹತ್ತಿರ ಬರುತ್ತದೆ. ಎರಡು ದಿನಕ್ಕಿಂತ ಹೆಚ್ಚು ಹಿಡಿಯುವ ಯೋಚನೆ ಇದ್ದರೆ ಫಂಡಿಂಗನ್ನು ಮೂರನೇ ಹಂತದ ಖರ್ಚಿಗೆ ಸೇರಿಸಿ.

ಆವರೇಜ್ ಮಾಡುವುದು. 0.151 ಹಿಡಿದಿದ್ದೀರಿ, ಬೆಲೆ 2,950ಕ್ಕೆ ಬಂತು, ಇನ್ನೊಂದು 0.151 ಸೇರಿಸಿದಿರಿ. ಸರಾಸರಿ ಎಂಟ್ರಿ 2,975 ಆಗಿ ಮನಸ್ಸಿಗೆ ಹಿತ ಅನಿಸುತ್ತದೆ. ಸ್ಟಾಪ್ 2,940ಕ್ಕೇ ಇದ್ದರೆ ನಷ್ಟ ಖರ್ಚು ಸೇರಿ 12ರ ಆಸುಪಾಸು. ಮಿತಿ ದಾಟಿತು, ಆದರೆ ಸ್ವಲ್ಪ. ಆದರೆ ಆವರೇಜ್ ಮಾಡಿದವರು ಸ್ಟಾಪನ್ನು ಅಲ್ಲೇ ಬಿಡುವುದು ಕಡಿಮೆ, "ಸ್ವಲ್ಪ ಜಾಗ ಕೊಡೋಣ" ಎಂದು 2,880ಕ್ಕೆ ಇಳಿಸುತ್ತಾರೆ. ಆಗ ನಷ್ಟ 30 ದಾಟುತ್ತದೆ, ಮೂಲ ಮಿತಿಯ ಮೂರು ಪಟ್ಟು. ಸೋಲುತ್ತಿರುವ ಪೊಸಿಷನ್ನಿಗೆ ಸೇರಿಸಬೇಡಿ. ಎರಡು ಕಂತಿನಲ್ಲಿ ಕೊಳ್ಳುವುದೇ ನಿಮ್ಮ ವಿಧಾನವಾದರೆ ಎರಡೂ ಕಂತುಗಳ ಒಟ್ಟು ನಷ್ಟ 10ರೊಳಗೆ ಬರುವಂತೆ ಮೊದಲೇ ಪ್ರಮಾಣ ಹಂಚಿಕೊಳ್ಳಿ.

ಮಾರ್ಜಿನ್ ಸೇರಿಸುವುದು. ಐಸೊಲೇಟೆಡ್‌ಗೆ ಇನ್ನಷ್ಟು ಹಣ ಸುರಿದರೆ ಲಿಕ್ವಿಡೇಷನ್ ದೂರ ಹೋಗುತ್ತದೆ, ಸೈಜ್ ಬದಲಾಗುವುದಿಲ್ಲ. ಸ್ಟಾಪ್ ತನ್ನ ಜಾಗದಲ್ಲಿದ್ದರೆ ಇದರ ಅಗತ್ಯವೇ ಬರಬಾರದು. ಮಾರ್ಜಿನ್ ಸೇರಿಸಬೇಕು ಅನಿಸಿದರೆ ನೀವು ಸ್ಟಾಪ್ ತೆಗೆದಿದ್ದೀರಿ ಅಥವಾ ನಾಲ್ಕನೇ ಹಂತ ಬಿಟ್ಟಿದ್ದೀರಿ ಎಂದರ್ಥ.

ಹಲವು ಪೊಸಿಷನ್. ಬಿಟ್‌ಕಾಯಿನ್, ಈಥರ್, ಸೊಲಾನಾ ಮೂರರಲ್ಲೂ ಲಾಂಗ್ ಹಿಡಿದು ಪ್ರತಿಯೊಂದಕ್ಕೂ 1% ಎನ್ನುವುದು ಲೆಕ್ಕಕ್ಕೆ ಮಾತ್ರ ಮೂರು ಟ್ರೇಡ್. ಬೀಳುವಾಗ ಮೂರೂ ಒಟ್ಟಿಗೆ ಬೀಳುತ್ತವೆ, ಅದು 3%ರ ಒಂದೇ ಟ್ರೇಡ್. ಒಂದೇ ದಿಕ್ಕಿನ ಎಲ್ಲ ಪೊಸಿಷನ್‌ಗಳ ಸ್ಟಾಪ್ ಒಟ್ಟಿಗೆ ಹೊಡೆದರೂ 2% ಮೀರಬಾರದು.

## ಅಪಾಯದ ಗುರುತುಗಳು

ಮಾರ್ಜಿನ್ ರೇಷಿಯೊ (ನಿರ್ವಹಣಾ ಮಾರ್ಜಿನ್‌ಗೂ ಉಳಿದ ಒತ್ತೆಗೂ ಇರುವ ಅನುಪಾತ) ಎಂಬ ಸಂಖ್ಯೆಯನ್ನು ಓದುವ ದಿಕ್ಕು ಎಲ್ಲ ಕಡೆ ಒಂದೇ ಅಲ್ಲ. ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಅದು 100%ಕ್ಕೆ ಏರಿದಾಗ ಲಿಕ್ವಿಡೇಷನ್. ಇನ್ನು ಕೆಲವಲ್ಲಿ 100%ಕ್ಕೆ ಇಳಿದಾಗ. ಎಕ್ಸ್‌ಚೇಂಜ್ ಬದಲಿಸಿದ ದಿನವೇ ಇದನ್ನು ನೋಡಿಕೊಳ್ಳಿ. ಏರುವ ಬಗೆಯದರಲ್ಲಿ 30% ದಾಟಿದರೆ ನಿಮ್ಮ ಸೈಜ್ ತಪ್ಪಿದೆ ಎಂದು ತಿಳಿದು ಅರ್ಧ ಮುಚ್ಚಿ.

ನೆನಪಿಡಬೇಕಾದ ಇನ್ನೊಂದು ಸಂಗತಿ: ಅತಿ ಜೋರಿನ ಕುಸಿತದಲ್ಲಿ ಸ್ಟಾಪ್ ಹೇಳಿದ ಬೆಲೆಗೇ ತುಂಬುತ್ತದೆ ಎಂಬ ಖಾತರಿ ಇಲ್ಲ. 2025ರ ಅಕ್ಟೋಬರ್ 10ರ ಕುಸಿತದಲ್ಲಿ 24 ಗಂಟೆಯೊಳಗೆ 1,900 ಕೋಟಿ ಡಾಲರ್‌ಗೂ ಹೆಚ್ಚಿನ ಪೊಸಿಷನ್‌ಗಳು ಲಿಕ್ವಿಡೇಟ್ ಆದವು. ಕುಸಿತ ತಾರಕಕ್ಕೇರಿದಾಗ ಭಾರತದಲ್ಲಿ 11ರ ಬೆಳಗಿನ ಜಾವ 3 ಗಂಟೆಯ ಆಸುಪಾಸು. ಇಲ್ಲಿನವರು ಎದ್ದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಣ್ಣ ನಾಣ್ಯಗಳಲ್ಲಿ ಕೊಳ್ಳುವವರೇ ಇಲ್ಲದೆ ಬೆಲೆ ನೇರ ಜಾರಿತು. ಲಾಭದಲ್ಲಿದ್ದ ಶಾರ್ಟ್‌ಗಳನ್ನೂ ಕೆಲವು ಎಕ್ಸ್‌ಚೇಂಜ್‌ಗಳು ಬಲವಂತವಾಗಿ ಮುಚ್ಚಿದವು. ಲಿಕ್ವಿಡೇಷನ್ ನಷ್ಟವನ್ನು ವಿಮಾ ನಿಧಿ ತಡೆದುಕೊಳ್ಳಲಾಗದಾಗ ಎದುರು ಬದಿಯವರ ಪೊಸಿಷನ್ ಮುಚ್ಚುವ ಈ ವ್ಯವಸ್ಥೆಗೆ ಆಟೊ ಡಿಲೆವರೇಜಿಂಗ್ ಎನ್ನುತ್ತಾರೆ. ಹೆಚ್ಚು ಲಾಭ, ಹೆಚ್ಚು ಲೆವರೇಜ್ ಇರುವವರ ಸರದಿ ಮೊದಲು ಬರುತ್ತದೆ. ಒಂದು ಕಡೆ ಲಾಂಗ್, ಇನ್ನೊಂದು ಕಡೆ ಶಾರ್ಟ್ ಹಿಡಿದು ನಿಶ್ಚಿಂತೆಯಿಂದ ಮಲಗಿದ್ದವರ ಶಾರ್ಟ್ ಹೀಗೆ ಮಾಯವಾದರೆ ಉಳಿಯುವುದು ಬೀಳುತ್ತಿರುವ ಲಾಂಗ್ ಮಾತ್ರ. ರಾತ್ರಿ ಹಿಡಿದು ಮಲಗುವ ಪೊಸಿಷನ್ನಿನ ಸೈಜ್ ಹಗಲಿನ ಅರ್ಧ ಇರಲಿ. ಲೆವರೇಜ್ 5 ದಾಟದಿರಲಿ.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಆ ದಿನ ಹೊಸ ಆರ್ಡರ್ ಬೇಡ: ಸ್ಟಾಪನ್ನು ನಷ್ಟದ ದಿಕ್ಕಿಗೆ ಸರಿಸಿದ್ದೀರಿ, ಸ್ಪಾಟ್ ವಾಲೆಟ್‌ನಿಂದ ಫ್ಯೂಚರ್ಸ್‌ಗೆ ತುರ್ತಾಗಿ ಹಣ ಕಳುಹಿಸಿದ್ದೀರಿ, ಹಿಂದಿನ ನಷ್ಟ ವಾಪಸು ಪಡೆಯಲು ಸೈಜ್ ಹೆಚ್ಚಿಸಿದ್ದೀರಿ, ಪೊಸಿಷನ್ ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ನಾಣ್ಯದ ಪ್ರಮಾಣ ಹೇಳಲು ಬಾರದೆ "20 ಎಕ್ಸ್" ಎಂದು ಉತ್ತರಿಸುತ್ತೀರಿ.

## ಹಂತ 8: ಮುಚ್ಚಿದ ಮೇಲೆ ದಾಖಲೆ

ಪ್ರತಿ ಟ್ರೇಡ್‌ಗೂ ಏಳು ಕಲಂ ಸಾಕು: ದಿನಾಂಕ, ಎಂಟ್ರಿ, ಸ್ಟಾಪ್, ಪ್ರಮಾಣ, ಅಂದಾಜು ನಷ್ಟ, ನಿಜವಾಗಿ ಆದದ್ದು, ಶುಲ್ಕ ಮತ್ತು ಫಂಡಿಂಗ್. ಐದು ಮತ್ತು ಆರನೇ ಕಲಂಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸ್ಟಾಪ್ ಹೊಡೆದ ಟ್ರೇಡ್‌ಗಳಲ್ಲಿ 10 ಎಂದು ಬರೆದ ಕಡೆ ಮತ್ತೆ ಮತ್ತೆ 12, 13 ಬರುತ್ತಿದ್ದರೆ ಜಾರುವಿಕೆಗೆ ಇಟ್ಟ ಹಣ ಸಾಲುತ್ತಿಲ್ಲ. ಮೂರನೇ ಹಂತದ 2.50 ಅನ್ನು 5 ಮಾಡಿ, ಅಥವಾ ವಹಿವಾಟು ಹೆಚ್ಚಿರುವ ಕಾಂಟ್ರ್ಯಾಕ್ಟಿಗೆ ಹೋಗಿ.

ತೆರಿಗೆಗೂ ಇದೇ ದಾಖಲೆ ಬೇಕಾಗುತ್ತದೆ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಆಸ್ತಿ ಮಾರಿದ ಲಾಭಕ್ಕೆ 30% ತೆರಿಗೆಯಿದೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ಫ್ಯೂಚರ್ಸ್ ಲಾಭವನ್ನು ಹೇಗೆ ತೋರಿಸಬೇಕೆಂದು ವರ್ಷದ ಆರಂಭದಲ್ಲೇ ನಿಮ್ಮ ಸಿಎ ಬಳಿ ಕೇಳಿ. ತೆರಿಗೆಗೆ ಎತ್ತಿಡಬೇಕಾದ ಹಣವನ್ನು ಫ್ಯೂಚರ್ಸ್ ವಾಲೆಟ್‌ನಿಂದ ಹೊರತೆಗೆದುಬಿಡಿ. ಅಲ್ಲೇ ಬಿಟ್ಟರೆ ಮುಂದಿನ ಟ್ರೇಡಿನ 1% ಲೆಕ್ಕದಲ್ಲಿ ಅದೂ ಸೇರಿಕೊಂಡು ಸೈಜ್ ಉಬ್ಬುತ್ತದೆ.

ಮುಂದಿನ ಟ್ರೇಡಿಗೆ ಮೊದಲನೇ ಹಂತದಿಂದಲೇ ಶುರು ಮಾಡಿ. ವಾಲೆಟ್ 990ಕ್ಕೆ ಇಳಿದಿದ್ದರೆ ಈ ಸಲದ ಮಿತಿ 9.90.